ಎಡಗೈ ನರಸಮ್ಮನದು, ಬಲಗೈ ಮುನಿಕೃಷ್ಣನದು

ನರಸಮ್ಮ ದೇವನಹಳ್ಳಿ ಪಕ್ಕದ ವಿಜಯಪುರದವಳು. ಮದುವೆಯಾಗಿ ಅಲ್ಲಿಗೆ ಬಂದ ವರ್ಷವೇ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದ್ದಳು. ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ ಎಳೆ ಹುಡುಕುವುದರಲ್ಲೇ ಅವಳ ಪ್ರಾಯ ಕಳೆಯಿತು. ತಲೆ ಸುತ್ತಿದಾಗಲೆಲ್ಲ ಹಬೆಯ ಕಾಟ ಎಂದುಕೊಂಡು ಸುಮ್ಮನಾಗುತ್ತಿದ್ದಳು. ಅದು ಬಿ.ಪಿ. ಎಂದು ತಿಳಿಯುವ ಹೊತ್ತಿಗೆ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು.

ದೇವನಹಳ್ಳಿಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಡಯಾಲಿಸಿಸ್ ಕೇಂದ್ರಕ್ಕೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಬರತೊಡಗಿದಳು. ವಿಮಾನ ನಿಲ್ದಾಣದ ಎರಡನೇ ರನ್‌ವೇ ಕೆಲಸ ನಡೆಯುತ್ತಿದ್ದ ಕಾಲ ಅದು. ದಾರಿಯುದ್ದಕ್ಕೂ ಟಿಪ್ಪರ್ ಲಾರಿಗಳ ಧೂಳು. ಕೇಂದ್ರ ಸೇರುವಷ್ಟರಲ್ಲಿ ಗಂಟಲು ಒಣಗಿರುತ್ತಿತ್ತು, ಆದರೆ ಈ ಕಾಯಿಲೆಗೆ ಬೇಕೆಂದಷ್ಟು ನೀರು ಕುಡಿಯುವಂತಿಲ್ಲ. ಸೂಜಿ ಚುಚ್ಚಲೆಂದು ಎಡಗೈಯಲ್ಲಿ ರಕ್ತನಾಳ ಜೋಡಿಸಿದ್ದು ಕೆಲವೇ ತಿಂಗಳಲ್ಲಿ ಮುಚ್ಚಿಹೋಗಿ, ಬಲಗೈಯಲ್ಲಿ ಮತ್ತೆ ಮಾಡಬೇಕಾಯಿತು. ಯಂತ್ರ ಓಡುವಷ್ಟು ಹೊತ್ತೂ ಆ ಕೈ ಅಲುಗಾಡಬಾರದು. ಅವಳ ಪಾಲಿಗೆ ಉಳಿದದ್ದು ಎಡಗೈ.

ಪಕ್ಕದ ಹಾಸಿಗೆ ತೂಬಗೆರೆ ಕಡೆಯ ಮುನಿಕೃಷ್ಣನದು. ಮೂವತ್ತು ದಾಟಿದ ಆಳು. ಏರ್‌ಪೋರ್ಟಿನ ಸರಕು ಶೆಡ್ಡಿನಲ್ಲಿ ಗಾಡಿ ಓಡಿಸುತ್ತಿದ್ದವನು ಕಾಯಿಲೆ ಬಿದ್ದ ಮೇಲೆ ಕೆಲಸ ಬಿಟ್ಟಿದ್ದ. ಯಾರೊಂದಿಗೂ ಮಾತಿಲ್ಲ. ಸೂಜಿ ಅವನ ಎಡಗೈಗೆ. ಮುಖ ಗೋಡೆಗೆ.

ಗುರುವಾರಗಳಂದು ಟ್ರಸ್ಟಿನ ಶಶಿರೇಖಾ ಬಣ್ಣ, ಕಾಗದ ಹೊತ್ತು ಬರುತ್ತಿದ್ದಳು. ನಾಲ್ಕು ಗಂಟೆ ಸೂರು ನೋಡುತ್ತ ಮಲಗುವ ಬದಲು ಕೈಗೊಂದು ಕೆಲಸವಿದ್ದರೆ ಮನಸ್ಸು ಸ್ವಲ್ಪ ಹಗುರಾಗುತ್ತದೆ ಎಂಬುದು ಅವಳ ನಂಬಿಕೆ.

"ನಾವೇನು ಅಂಗನವಾಡಿ ಮಕ್ಕಳಾ ಮೇಡಂ?" ಎಂದು ಮೊದಲ ದಿನವೇ ಮುನಿಕೃಷ್ಣ ಕಾಗದ ಆಚೆ ತಳ್ಳಿದ.

ನರಸಮ್ಮನಿಗೂ ಬಣ್ಣ ಹಿಡಿಸಲಿಲ್ಲ. ಮುಂದಿನ ಸಲ ಬರುವಾಗ ಅವಳೇ ಒಂದು ಚೀಲ ತೂತು ಗೂಡು ತಂದಳು. ಹುಳ ಚಿಟ್ಟೆಯಾಗಿ ಹೊರಬಿದ್ದ ಮೇಲೆ ಉಳಿಯುವ ಆ ಗೂಡಿನಿಂದ ನೂಲು ಬರುವುದಿಲ್ಲ, ಆದರೆ ಪೋಣಿಸಿದರೆ ಒಳ್ಳೆಯ ಹಾರವಾಗುತ್ತದೆ. ಒಂದೇ ಕೈಯಲ್ಲಿ ಪೋಣಿಸಲು ಹೋಗಿ ಗೂಡು ಜಾರಿತು, ದಾರ ಜಾರಿತು. ಮೂರನೆಯ ಸಲ ಜಾರಿದಾಗ ಪಕ್ಕದಿಂದ ಒಂದು ಬಲಗೈ ಬಂದು ದಾರದ ಸೂಜಿ ತೆಗೆದುಕೊಂಡಿತು.

"ಗೂಡು ಗಟ್ಟಿಯಾಗಿ ಹಿಡ್ಕೊಳ್ಳಕ್ಕಾ," ಎಂದ ಮುನಿಕೃಷ್ಣ.

ಹಾಗೆ ಶುರುವಾಯಿತು. ಅವಳ ಎಡಗೈ ಗೂಡು ಹಿಡಿಯುವುದು, ಅವನ ಬಲಗೈ ಸೂಜಿ ತೂರಿಸುವುದು. ಗಂಟು ಹಾಕುವಾಗ ಇಬ್ಬರೂ ಒಂದೊಂದು ತುದಿ ಎಳೆಯಬೇಕು. "ನಿಧಾನ ಕಣಪ್ಪಾ, ಅದೇನು ಲಗೇಜಾ?" ಎಂದು ಅವಳು ಬೈದರೆ ಅವನು ನಗುತ್ತಿದ್ದ. ಅವನ ನಗುವನ್ನು ಆ ಕೋಣೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್ ಸುನಿಲ್‌ಕುಮಾರನಿಗೆ ಮಾತ್ರ ಇದು ಸಮಾಧಾನವಿರಲಿಲ್ಲ. "ಸೂಜಿ ಹಾಕಿರೋ ಕೈ ಕದಲಿದ್ರೆ ನಾನು ಸುಮ್ನಿರಲ್ಲ" ಎಂದು ಪ್ರತಿ ಸಲ ಹೇಳುತ್ತಿದ್ದ.

ಅವನು ಹೆದರಿದ್ದೇ ಆಯಿತು. ಒಂದು ದಿನ ಗೂಡೊಂದು ಮಂಚದ ಅಂಚಿಗೆ ಉರುಳಿತು. "ಹಿಡ್ಕೋ, ಹಿಡ್ಕೋ!" ಎಂದಳು ನರಸಮ್ಮ. ಮುನಿಕೃಷ್ಣ ಮೈಯನ್ನೇ ಬಾಗಿಸಿ ಕೈಚಾಚಿದ. ಎಡಗೈ ಎಳೆದಂತಾಗಿ ಸೂಜಿ ಈಚೆ ಜಾರಿತು. ಯಂತ್ರ ಕೂಗಿಕೊಂಡಿತು. ಸುನಿಲ್ ಓಡಿಬಂದು ಪಂಪು ನಿಲ್ಲಿಸಿ, ಸೂಜಿ ಜಾರಿದ ಜಾಗವನ್ನು ಒತ್ತಿ ಹಿಡಿಯುವಷ್ಟರಲ್ಲಿ ಹಾಸಿಗೆಯೆಲ್ಲ ಕೆಂಪಾಗಿತ್ತು. ಮುನಿಕೃಷ್ಣ ಅದನ್ನೇ ನೋಡುತ್ತಿದ್ದ.

"ಇನ್ಮೇಲೆ ಈ ರೂಮಲ್ಲಿ ದಾರ, ಗೂಡು ಏನೂ ಬೇಡ," ಎಂದ ಸುನಿಲ್. ಶಶಿರೇಖಾ ತಲೆ ತಗ್ಗಿಸಿ ಚೀಲ ಕಟ್ಟಿಕೊಂಡು ಹೋದಳು.

ಮುಂದಿನ ಸರದಿಗೆ ಮುನಿಕೃಷ್ಣ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಆ ದಿನ ನರಸಮ್ಮನ ಯಂತ್ರ ಶುರುವಾಗಿ ಬಹಳ ಹೊತ್ತಾಗಿತ್ತು. ಪಕ್ಕದ ಹಾಸಿಗೆಯಲ್ಲಿ ಆಗಲೇ ಬೇರೆ ಯಾರೋ ಮಲಗಿದ್ದರು. ತಡೆಯಲಾರದೆ ಎಡಗೈಯಲ್ಲಿ ಫೋನ್ ಹಿಡಿದು ಅವನ ಹೆಂಡತಿ ಹರ್ಷಿತಳಿಗೆ ಹಚ್ಚಿದಳು.

"ಅವ್ರು ಬೆಳಿಗ್ಗೆನೇ ಅಲ್ಲಿಗೆ ಬಂದ್ರಲ್ಲಕ್ಕಾ," ಎಂದಳು ಹರ್ಷಿತ. "ಮೊನ್ನೆನೂ ಬಂದಿದ್ರಲ್ಲ?"

ನರಸಮ್ಮ ಪಕ್ಕದ ಹಾಸಿಗೆಯ ಕಡೆ ನೋಡಿ, "ಇಲ್ಲಿಗೆ ಬಂದಿಲ್ಲ ಕಣಮ್ಮಾ. ನೀನು ಈಗ್ಲೇ ಹೊರಟು ಬಾ," ಎಂದಳು.

ಮುನಿಕೃಷ್ಣನ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಅವಳು ಮತ್ತೆ ಹಚ್ಚಿದಳು, ಮತ್ತೆ ಹಚ್ಚಿದಳು. ಎದ್ದು ಹೋಗಿ ಹುಡುಕುವಂತಿಲ್ಲ; ಮೈಯ ರಕ್ತವೆಲ್ಲ ಆಚೆ ಕೊಳವೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಅವನು ಎತ್ತಿದ. ಮೊದಲು ಕೇಳಿಸಿದ್ದು ತಲೆಮೇಲೇ ಹಾದುಹೋದಂಥ ವಿಮಾನದ ಸದ್ದು.

"ಎಲ್ಲಿದೀಯಪ್ಪಾ?"

"ಏರ್‌ಪೋರ್ಟ್ ಬೇಲಿ ಪಕ್ಕ ಕೂತಿದೀನಿ ಅಕ್ಕ. ಬರಲ್ಲ ನಾನು." ಒಂದೊಂದು ಮಾತಿನ ನಡುವೆಯೂ ಅವನು ಉಸಿರೆಳೆದುಕೊಳ್ಳುತ್ತಿದ್ದ. "ಅವತ್ತು ರಕ್ತ ಹೋಗ್ತಿತ್ತಲ್ಲ, ನಂಗೆ ಭಯಾನೇ ಆಗ್ಲಿಲ್ಲ. ಹೋದ್ರೆ ಹೋಗ್ಲಿ ಅನ್ನಿಸ್ಬಿಡ್ತು. ಮನೆಗೆ ಹೋದ್ಮೇಲೆ ಅದನ್ನ ನೆನೆಸ್ಕೊಂಡು ಭಯ ಆಯ್ತು. ಮತ್ತೆ ಆ ಮಂಚದ ಮೇಲೆ ಮಲ್ಗಕ್ಕೆ ಆಗ್ತಿಲ್ಲ."

ಸಮಾಧಾನದ ಮಾತು ನರಸಮ್ಮನಿಗೆ ಬರುತ್ತಿರಲಿಲ್ಲ. ಫೋನಿನಲ್ಲಿ ಕತ್ತಿಯಿಂದ ಕಾಯಿ ಕೆತ್ತುವ ಸದ್ದು ಕೇಳಿಸಿತು.

"ಪಕ್ಕದಲ್ಲಿ ಎಳನೀರಿನವ್ರು ಇದಾರಾ?"

"ಹೂಂ."

"ಕುಡಿದ್ಯಾ?"

"ಎರಡು ಕುಡಿದೆ ಅಕ್ಕ. ಬಾಯಾರಿಕೆ ತಡೀಲಾರ್ದೆ..."

"ಸುನಿಲಪ್ಪಾ!" ಎಂದು ನರಸಮ್ಮ ಕೂಗಿದಳು. ಎಳನೀರು ಎಂಬ ಮಾತು ಕೇಳಿ ಸುನಿಲ್‌ಕುಮಾರನ ಮುಖ ಬಿಳುಚಿತು. ಎಳನೀರಿನ ಪೊಟ್ಯಾಸಿಯಂ ಕಿಡ್ನಿ ಕೆಟ್ಟವರ ಮೈಯಲ್ಲಿ ಹಾಗೇ ಉಳಿದು ಹೃದಯವನ್ನೇ ನಿಲ್ಲಿಸಬಹುದು. ಅದರಲ್ಲೂ ಇವನು ಎರಡು ಸರದಿ ತಪ್ಪಿಸಿದ್ದಾನೆ.

"ಅಲ್ಲಿಂದ ಕರೆಸಿ ಅಮ್ಮ. ಹೆಂಗಾದ್ರೂ ಕರೆಸಿ," ಎಂದು ಅವನು ಡಾಕ್ಟರಿಗೆ ಫೋನ್ ಮಾಡಲು ಓಡಿದ.

"ಮುನಿಕೃಷ್ಣ, ಫೋನ್ ಎಳನೀರಿನವ್ರ ಕೈಗೆ ಕೊಡು."

"ಯಾಕಕ್ಕಾ?"

"ಕೊಡು ಅಂದ್ನಲ್ಲ!"

ಆಚೆಯಿಂದ ಒಬ್ಬ ಹೆಂಗಸಿನ ದನಿ ಬಂತು.

"ಅಮ್ಮಾ, ಅವ್ನಿಗೆ ಕಿಡ್ನಿ ಹೋಗಿದೆ. ಜೀವ ಹೋಗೋ ಹಂಗಿದೆ. ಯಾವ್ದಾದ್ರೂ ಆಟೋ ನಿಲ್ಸಿ ದೇವನಹಳ್ಳಿ ಡಯಾಲಿಸಿಸ್ ಸೆಂಟರ್‌ಗೆ ಹತ್ತಿಸ್ತೀಯಾ ತಾಯಿ?"

"ಅಯ್ಯೋ, ನಾನೇ ಕೆತ್ತಿ ಕೊಟ್ನಲ್ಲವ್ವಾ!" ಎಂದಿತು ಆ ದನಿ. "ಏಯ್ ಆಟೋ, ನಿಲ್ಸೋ! ನಿಲ್ಸೋ!" ಎಂಬ ಕೂಗಿನೊಂದಿಗೆ ಫೋನು ಕಡಿಯಿತು.

ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಅವನು ಹತ್ತಿದನೋ, ಒಲ್ಲೆ ಎಂದನೋ, ದಾರಿಯಲ್ಲೇ ಏನಾದರೂ ಆಯಿತೋ. ಟಿಪ್ಪರುಗಳ ನಡುವೆ ಆಟೋ ಸಿಕ್ಕಿಕೊಂಡರೆ? ನರಸಮ್ಮ ಬಾಗಿಲ ಮೇಲೆ ಕಣ್ಣು ನೆಟ್ಟು ಮಲಗಿದ್ದಳು. ಬಿ.ಪಿ. ಏರುತ್ತಿದೆ ಎಂದು ಅವಳ ಯಂತ್ರ ಒಂದೆರಡು ಸಲ ಕೂಗಿತು.

ಆ ಎಳನೀರಿನ ಹೆಂಗಸೇ ಆಟೋದಲ್ಲಿ ಕೂತು ಅವನನ್ನು ತಂದಿಳಿಸಿದಳು. ಮುಖ ಊದಿಕೊಂಡಿತ್ತು, ತುಟಿ ನೀಲಿಯಾಗಿತ್ತು. ಮಲಗಿಸಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದಂತೆ ಸುನಿಲ್ ಆಕ್ಸಿಜನ್ ಹಾಕಿದ. ನರ್ಸು ಹೃದಯಕ್ಕೆ ಕಾವಲಾಗುವ ಇಂಜೆಕ್ಷನ್ ಕೊಟ್ಟಳು. ಆದರೆ ಎಲ್ಲ ಯಂತ್ರಗಳ ಮೇಲೂ ರೋಗಿಗಳಿದ್ದರು. ಹೆಚ್ಚಿನವರು ಆಗಷ್ಟೇ ಶುರು ಮಾಡಿಕೊಂಡವರು. ಬೆಂಗಳೂರಿಗೆ ಕಳಿಸೋಣವೆಂದರೆ ದಾರಿಯಲ್ಲಿ ಉಳಿಯುವ ನಂಬಿಕೆಯಿಲ್ಲ.

"ನಂದು ಬಿಚ್ಚಪ್ಪಾ," ಎಂದಳು ನರಸಮ್ಮ.

"ನಿಮ್ದಿನ್ನೂ ಮುಗಿದಿಲ್ಲಮ್ಮ. ನೀರು ಉಳ್ಕೊಂಡ್ರೆ ರಾತ್ರಿ ನೀವು ಒದ್ದಾಡ್ತೀರಾ."

"ಒದ್ದಾಡ್ತೀನಿ. ಸಾಯಲ್ಲ. ಬಿಚ್ಚು."

ಡಾಕ್ಟರು ಅವಳ ತೂಕ, ಬಿ.ಪಿ. ಕೇಳಿ, ಸ್ವಲ್ಪ ಯೋಚಿಸಿ ಒಪ್ಪಿದರು. ಸುನಿಲ್ ಅವಳ ರಕ್ತವನ್ನೆಲ್ಲ ಒಳಗೆ ಕಳಿಸಿ ಸೂಜಿ ತೆಗೆದ. ಯಂತ್ರ ತೊಳೆದು ಅಣಿಯಾಗುವವರೆಗೆ ನರಸಮ್ಮ ಬಲಗೈಯ ಪಟ್ಟಿಯನ್ನು ಗದ್ದದಿಂದ ಒತ್ತಿಕೊಂಡು, ಎಡಗೈಯಲ್ಲಿ ಮುನಿಕೃಷ್ಣನ ಬೆನ್ನು ನೀವುತ್ತ ನಿಂತಿದ್ದಳು. ಅವನು ಅವಳ ಸೆರಗು ಹಿಡಿದುಕೊಂಡಿದ್ದ.

"ಅಕ್ಕ, ಈಗ ಭಯ ಆಗ್ತಿದೆ," ಎಂದ.

"ಆಗ್ಲಿ ಬಿಡು. ಉಸ್ರು ಎಳ್ಕೋ."

ಯಂತ್ರ ಶುರುವಾಗಿ ಬಹಳ ಹೊತ್ತಿನ ಮೇಲೆ ಅವನ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಹರ್ಷಿತ ಅಳುತ್ತ ಒಳಗೆ ಬಂದಳು. ಮುನಿಕೃಷ್ಣ ಆಕ್ಸಿಜನ್ ಮಾಸ್ಕನ್ನು ತಾನೇ ಸರಿಸಿ, "ಎರಡು ಸಲಾನೂ ಸುಳ್ಳು ಹೇಳ್ದೆ ಕಣೇ," ಎಂದು ಎಲ್ಲರೆದುರೇ ಒಪ್ಪಿಕೊಂಡ. ಅವಳು ಅವನ ಭುಜಕ್ಕೊಂದು ಗುದ್ದಿ, ಅಲ್ಲೇ ಹಣೆಯಿಟ್ಟು ಕೂತಳು.

ಆ ರಾತ್ರಿ ನರಸಮ್ಮನಿಗೆ ನಿಜವಾಗಿಯೂ ಉಸಿರು ಕಟ್ಟಿತು. ದಿಂಬಿಗೆ ದಿಂಬು ಒಟ್ಟಿ ಕೂತೇ ಬೆಳಗು ಮಾಡಿ, ಮರುದಿನ ಬಂದು ಉಳಿದದ್ದನ್ನು ಮಾಡಿಸಿಕೊಂಡಳು.

ಗೂಡಿನ ಚೀಲವನ್ನು ಮತ್ತೆ ತರಬಹುದೇ ಎಂದು ಶಶಿರೇಖಾ ಸುನಿಲ್‌ಕುಮಾರನನ್ನು ಅಳುಕುತ್ತಲೇ ಕೇಳಿದಳು. ಮುಂದಿನ ಗುರುವಾರ ಅವನೇ ಎರಡು ಹಲಗೆ ತುಂಡಿಗೆ ಬಟ್ಟೆ ಸುತ್ತಿ ತಂದು, ಇಬ್ಬರ ಸೂಜಿಯ ಕೈಗಳನ್ನೂ ಅವುಗಳ ಮೇಲೆ ಮೆತ್ತಗೆ ಕಟ್ಟಿದ. ಶಶಿರೇಖಾ ನಡುವೆ ಕೂತು ಗೂಡು ಎತ್ತಿಕೊಡಬೇಕು, ಯಾರೂ ಬಾಗಬಾರದು ಎಂದು ನಿಯಮ ಮಾಡಿದ. ಹಾರ ಮುಗಿಯಿತು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅದನ್ನು ಹರ್ಷಿತ ಮನೆಗೆ ಒಯ್ದಳು. ಇನ್ನೊಂದು ಶುರುವಾಯಿತು.

ಮುನಿಕೃಷ್ಣ ಪೂರ್ತಿ ಬದಲಾದ ಎನ್ನುವಂತಿಲ್ಲ. ಗೋಡೆಗೆ ಮುಖ ಮಾಡುವ ದಿನಗಳು ಈಗಲೂ ಬರುತ್ತಿದ್ದವು. ಆದರೆ ಬಾಯಿಬಿಟ್ಟು ಹೇಳುವುದನ್ನು ಕಲಿತಿದ್ದ.

"ಇವತ್ತು ಬರಕ್ಕೆ ಮನಸ್ಸೇ ಇರ್ಲಿಲ್ಲ ಅಕ್ಕ," ಎನ್ನುತ್ತಿದ್ದ.

"ನಂಗೂ ಇರ್ಲಿಲ್ಲ ಕಣಪ್ಪಾ," ಎಂದು ನರಸಮ್ಮ ಹೊದಿಕೆಯ ಒಳಗಿನಿಂದ ಎಡಗೈಯನ್ನು ಈಚೆ ತೆಗೆಯುತ್ತಿದ್ದಳು.