ಅಕ್ಕ ಕಟ್ಟಿದ ಗಂಟು

ನಮ್ಮಕ್ಕನಿಗೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಓದುವ ಹುಚ್ಚು ಹಿಡಿಯಿತು. ಹಿಡಿಸಿದ್ದು ಆಸ್ಪತ್ರೆಯವರೇ. ಆಪರೇಷನ್ನಿಗೆ ಬೇಕಾದ ಬಟ್ಟೆ, ಕತ್ತರಿಗಳನ್ನು ಗಂಟು ಕಟ್ಟಿ, ಹಬೆಯ ಯಂತ್ರದಲ್ಲಿಟ್ಟು ಶುದ್ಧ ಮಾಡುವ ಕೋಣೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಅಲ್ಲಿನವರೆಲ್ಲ ಒಂದು ಆನ್‌ಲೈನ್ ಕೋರ್ಸ್ ಮುಗಿಸಲೇಬೇಕೆಂದು ಮೇಟ್ರನ್ ಹೇಳಿದರು. ನಾನು ವಿಡಿಯೊ ತನ್ನ ಪಾಡಿಗೆ ಓಡಲು ಬಿಟ್ಟು ಬಟ್ಟೆ ಮಡಚುತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಕ ಮಾತ್ರ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಒಂದೊಂದು ಪಾಠವನ್ನು ಮೂರು ಮೂರು ಸಲ ನೋಡಿ ಬರೆದುಕೊಳ್ಳುತ್ತಿದ್ದಳು. ಡಾಕ್ಟರಾಗುತ್ತೀಯಾ ಎಂದು ನಾನು ಕಾಲೆಳೆದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅಕ್ಕ ಕಟ್ಟುವ ಗಂಟೆಂದರೆ ಆಸ್ಪತ್ರೆಗೇ ಹೆಸರುವಾಸಿ. ಮೊಣಕಾಲೂರಿ ಬಿಗಿದಳೆಂದರೆ ಇಟ್ಟಿಗೆಯಂತಿರುತ್ತಿತ್ತು. ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸುತ್ತಿದ್ದೆವು.

ಒಂಬತ್ತನೇ ಪಾಠ ನೋಡಿದ ಮಧ್ಯಾಹ್ನ ಅಕ್ಕನ ಮುಖ ಕಳೆಗುಂದಿತು. ಗಂಟು ಅತಿ ಬಿಗಿಯಾದರೆ ಹಬೆ ನಡುವಿಗೆ ಇಳಿಯುವುದೇ ಇಲ್ಲವಂತೆ. ಬಿಸಿ ತಾಗಿದರೆ ಕಪ್ಪಾಗಲೆಂದು ಗಂಟಿನ ಹೊರಗೆ ಅಂಟಿಸುವ ಟೇಪು ಕಪ್ಪಾದರೂ ಒಳಗಿನ ಬಟ್ಟೆಯಲ್ಲಿ ರೋಗಾಣು ಉಳಿಯಬಹುದಂತೆ. ಗಂಟಿನ ನಡುವೆ ಬಣ್ಣ ಬದಲಾಗುವ ಪಟ್ಟಿಯೊಂದನ್ನು ಇಟ್ಟೇ ನೋಡಬೇಕಂತೆ. ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.

ಮಾರನೇ ಬೆಳಿಗ್ಗೆ ಎಂದಿನಂತೆಯೇ ಬಿಗಿದು ಐದು ಗಂಟು ಕಟ್ಟಿ, ನೋಡೇಬಿಡೋಣವೆಂದು ಒಂದರ ಹೊಟ್ಟೆಯಲ್ಲಿ ಪಟ್ಟಿ ಇಟ್ಟಳು. ಯಂತ್ರದಿಂದ ಈಚೆ ತೆಗೆದದ್ದೇ ತಡ, ಆಪರೇಷನ್ ಥಿಯೇಟರಿನ ನರ್ಸ್ ಬಂದು ನಾಲ್ಕನ್ನು ಒಯ್ದಳು. ಪಟ್ಟಿ ಇಟ್ಟು ಉಳಿಸಿಕೊಂಡಿದ್ದನ್ನು ಅಕ್ಕ ಬಿಚ್ಚಿದಳು. ಟೇಪು ಕಪ್ಪಾಗಿತ್ತು. ಪಟ್ಟಿಯ ಬಣ್ಣ ಒಂದಿಷ್ಟೂ ಬದಲಾಗಿರಲಿಲ್ಲ.

ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಆ ಪಟ್ಟೀನ ಕಸದ ಬುಟ್ಟಿಗೆ ಹಾಕಕ್ಕ. ಕೆಲ್ಸ ಹೋಗುತ್ತೆ. ಇಷ್ಟು ವರ್ಷ ಯಾರಿಗೇನಾಗಿದೆ?"

"ಅದೇ ಗೊತ್ತಿಲ್ವಲ್ಲೇ," ಎಂದವಳು ಕೈ ಕೊಸರಿಕೊಂಡು ಓಡಿದಳು.

ನಾನೂ ಎದ್ದೆನೋ ಬಿದ್ದೆನೋ ಎಂದು ಹಿಂದೆಯೇ ಓಡಿದೆ. ಥಿಯೇಟರಿನಲ್ಲಿ ರೋಗಿಗೆ ಮಂಪರು ಹತ್ತಿತ್ತು. ನರ್ಸಿನ ಕೈ ಮೊದಲ ಗಂಟಿನ ಮೇಲಿತ್ತು. ಬಾಗಿಲಲ್ಲಿ ನಿಂತು ಅಕ್ಕ ಬಿಚ್ಚಬೇಡಿ ಎಂದು ಕೂಗಿದಳು. ಡಾಕ್ಟರು ಕೆಂಡವಾದರು. ಇದನ್ನು ಕಟ್ಟಿದ್ದು ಯಾರೆಂದು ಕೇಳಿದರು.

"ನಾನೇ ಸಾರ್. ತಪ್ಪು ಕಟ್ಟಿದೀನಿ."

"ಎಷ್ಟು ದಿನದಿಂದ?"

ಇವತ್ತು ಮಾತ್ರ ಅಂದುಬಿಡೇ ತಾಯಿ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ.

"ಇಪ್ಪತ್ತೆರಡು ವರ್ಷದಿಂದ," ಎಂದಳು ಅಕ್ಕ.

ಆಪರೇಷನ್ ನಿಂತಿತು. ಮೇಟ್ರನ್ ಅವಳ ಕೈಯಲ್ಲೇ ಎಲ್ಲವನ್ನೂ ಬರೆಸಿಕೊಂಡು, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಳಿತವಳೇ ಅಕ್ಕ ಫೋನ್ ತೆಗೆದು ಹತ್ತನೇ ಪಾಠ ಹಾಕಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇದ್ದ ಕೆಲಸವನ್ನೇ ನುಂಗಿದ ಕೋರ್ಸು ಇನ್ನೂ ಯಾಕೆ ಬೇಕೆಂದು ಬಾಯಿಗೆ ಬಂದಂತೆ ಬೈದೆ.

ಅವಳು ಪಾಠ ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ.

"ನಿನ್ನ ಹೊಟ್ಟೆ ಆಪರೇಷನ್ ಆದಾಗ ಗಾಯ ಕೀವಾಗಿ ಮೂರು ತಿಂಗಳು ನರಳಿದ್ಯಲ್ಲ. ಅವತ್ತಿನ ಗಂಟನ್ನ ಬೇರೆ ಯಾರ ಕೈಗೂ ಕೊಟ್ಟಿರ್ಲಿಲ್ಲ ಕಣೇ. ನನ್ನ ತಂಗಿಗೆ ಅಂತ ಇನ್ನೂ ಬಿಗಿಯಾಗಿ ಕಟ್ಟಿದ್ದೆ."