ಓಡಿಸುವುದು ನನ್ನದು, ಹಾರಿಸುವುದು ಅವನದು

ಸಾಮಾನು ಕೊಳ್ಳುವುದರಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಜಂಬ ಮೊದಲಿನಿಂದಲೂ ಇದೆ. ಸೀರೆಯಿರಲಿ, ಮಿಕ್ಸರ್ ಇರಲಿ, ಎರಡನ್ನು ಪಕ್ಕಪಕ್ಕ ಇಟ್ಟು ನೋಡದೆ ತಂದವಳಲ್ಲ. ತಮ್ಮನಿಗೆ ಗೇಮ್ ಕೊಳ್ಳುವಾಗಲೂ ಹಾಗೇ ಮಾಡಿದೆ.

ಅವನು ದೇವದುರ್ಗದಲ್ಲಿ ಪಂಪಿನ ಮೋಟರು ರಿಪೇರಿ ಮಾಡುತ್ತಿದ್ದ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಒಂದು ಸಲ ಮಲಗಿದರೆ ನಾಲ್ಕು ತಾಸು. "ಮ್ಯಾಲಿನ ಫ್ಯಾನ್ ನೋಡಿ ನೋಡಿ ತಲಿ ಕೆಟ್ಟೈತಿ ಯಕ್ಕಾ" ಎಂದು ಫೋನಿನಲ್ಲಿ ಅಂದ. ನನಗೆ ಚಿಕ್ಕಂದಿನ ವಿಡಿಯೋ ಗೇಮ್ ನೆನಪಾಯಿತು. ಟಿವಿಗೆ ಸಿಕ್ಕಿಸಿ ಆಡುವಂಥದು. ಅದರ ಎರಡು ಹಿಡಿಗಳಲ್ಲಿ ಆಟ ಶುರು ಮಾಡುವ ಬಟನ್ ಒಂದಕ್ಕೆ ಮಾತ್ರ ಇತ್ತು. ಅದು ಯಾವಾಗಲೂ ದೊಡ್ಡವಳಾದ ನನ್ನ ಕೈಯಲ್ಲೇ. ನಾನು ಬಂದು ಒತ್ತುವ ತನಕ ಅವನು ಇನ್ನೊಂದನ್ನು ಹಿಡಿದು ಸುಮ್ಮನೆ ಕೂತಿರುತ್ತಿದ್ದ.

ಆ ಹಳೇ ಆಟಗಳನ್ನೇ ತುಂಬಿದ, ಕೈಯಲ್ಲಿ ಹಿಡಿದು ಆಡುವ ಅಗ್ಗದ ಯಂತ್ರಗಳು ಈಗ ಸಿಗುತ್ತವೆ. ಒಂದನ್ನು ರಾಯಚೂರಿನ ಅಂಗಡಿಯಿಂದ ತಂದೆ, ಇನ್ನೊಂದನ್ನು ಮೊಬೈಲಿನಲ್ಲಿ ತರಿಸಿದೆ. ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ನಾನು ತೂಕದ ಚೀಟಿ ಬರೆಯುವ ಮೇಜಿನ ಮೇಲೆ ಒಂದು ವಾರ ಎರಡರ ಪರೀಕ್ಷೆಯೂ ನಡೆಯಿತು. ಅಂಗಡಿಯದು ಅಡ್ಡಕ್ಕೆ ಅಗಲ. ಬಟನ್ ಒತ್ತಿದರೆ ಕಟಕಟ ಸದ್ದು, ಪರದೆ ಮಬ್ಬು, ಆಫ್ ಮಾಡಿದರೆ ಆಡಿದ್ದೆಲ್ಲ ಮರೆತು ಮತ್ತೆ ಮೊದಲಿನಿಂದ. ತರಿಸಿದ್ದು ಉದ್ದಕ್ಕೆ, ಅಂಗೈಯಷ್ಟು ಸಣ್ಣದು. ಚಿತ್ರ ಸ್ವಚ್ಛ, ಬ್ಯಾಟರಿ ಗಟ್ಟಿ, ಆಫ್ ಮಾಡಿದರೂ ಆಟ ಬಿಟ್ಟಲ್ಲೇ ನಿಂತಿರುತ್ತದೆ. ಇದೇ ಸರಿ ಎಂದು ತೀರ್ಮಾನ ಮಾಡಿ, ಅವನಿಗೆ ತೋರಿಸೋಣವೆಂದು ಎರಡನ್ನೂ ಒಯ್ದೆ.

ಆಸ್ಪತ್ರೆಯಲ್ಲಿ ಅವನ ಎಡಗೈಗೆ ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದ್ದರು. ನಾಲ್ಕು ತಾಸು ಆ ಕೈ ಅಲುಗಿಸುವಂತಿಲ್ಲ. ವಾರವಿಡೀ ಎರಡು ಕೈಯಲ್ಲಿ ಹಿಡಿದು ಅಳೆದು ತೂಗಿದ ನನಗೆ ಅದೊಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ನಾಚಿಕೆಯ ಜೊತೆ ಸಿಟ್ಟೂ ಬಂತು. "ಮೊದಲೇ ಹೇಳಾಕ ಏನಾಗಿತ್ತಲೇ ನಿನಗ?" ಎಂದು ಮಲಗಿದವನಿಗೇ ಗದರಿದೆ.

ಅವನು ನಕ್ಕ. ಅಗಲದ್ದನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, "ನೀ ಆ ಕಡಿಂದ ಓಡ್ಸು, ನಾ ಈ ಕಡಿಂದ ಹಾರಸ್ತೀನಿ" ಅಂದ. ಪರದೆಯ ಮೇಲೆ ಒಬ್ಬ ಕುಳ್ಳ ಓಡುತ್ತಾನೆ. ತಗ್ಗು ಬಂದರೆ ಹಾರಬೇಕು. ಓಡಿಸುವ ಎಡಭಾಗ ನನ್ನ ಕೈಗೆ, ಹಾರಿಸುವ ಬಲಭಾಗ ಅವನ ಬಲಗೈಗೆ ಬಂತು. ಸಣ್ಣದರಲ್ಲೂ ಆಡಿ ನೋಡಿದೆವು, ಇಬ್ಬರ ಬೆರಳೂ ಬಡಿದಾಡಿದವು. ಹಾಗಾಗಿ ನಾನು ತಿರಸ್ಕರಿಸಿದ್ದೇ ಅವನಿಗೆ ಹಿಡಿಸಿತು. ಹೋದಾಗಲೆಲ್ಲ ಮೊದಲಿನಿಂದ ಶುರು, ಅದೇ ತಗ್ಗು, ಅದೇ ಬೀಳುವುದು. ನನಗೆ ಬೇಸರ ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ.

ಸುಗ್ಗಿ ಬಂತು. ಮಿಲ್ಲಿನ ಮುಂದೆ ಭತ್ತದ ಗಾಡಿ ಸಾಲುಗಟ್ಟಿದವು, ರಜೆ ಕೇಳುವುದು ಕಷ್ಟವಾಯಿತು. ನಿಜ ಹೇಳಬೇಕೆಂದರೆ ರಜೆಯೊಂದೇ ಕಾರಣವಲ್ಲ. ನಾನಿಲ್ಲದೆ ಆಟ ನಡೆಯುವುದಿಲ್ಲ ಎಂಬುದೇ ನನಗೆ ಭಾರವಾಗಿತ್ತು. ಒಂದು ದಿನ ಬಸ್ಸಿನ ಅವಸರದಲ್ಲಿ ಅಗಲದ್ದನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಸಣ್ಣದನ್ನು ಅವನ ಕೈಗಿಟ್ಟೆ.

"ನೋಡು, ಕುಳ್ಳನ್ನ ತಗ್ಗಿನ ಅಂಚಿಗೆ ನಿಲ್ಲಿಸೀನಿ. ಆಫ್ ಮಾಡಿದ್ರೂ ಇಲ್ಲೇ ಇರ್ತಾನ. ಮನಿಯಾಗ ಎರಡೂ ಕೈ ಇರ್ತಾವ, ಆಡು. ಎಲ್ಲಾದಕ್ಕೂ ನಾನೇ ಬರಬೇಕಂದ್ರ ಹ್ಯಾಂಗ?"

"ಹೂಂ ಯಕ್ಕಾ" ಅಂದ. ಅಗಲದ್ದು ಎಲ್ಲಿ ಎಂದು ಕೇಳಲಿಲ್ಲ. ನಾಲ್ಕು ವಾರ ನಾನು ಹೋಗಲಿಲ್ಲ. ಐದನೆಯ ವಾರ ದೇವದುರ್ಗದಿಂದ ಫೋನ್ ಬಂತು, ನಾನು ಊರು ಮುಟ್ಟುವಷ್ಟರಲ್ಲಿ ಅವನನ್ನು ಮಣ್ಣಿಗೆ ಒಯ್ಯಲು ಸಜ್ಜು ಮಾಡಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ತಮ್ಮನ ಹೆಂಡತಿ ಅವನ ಆಸ್ಪತ್ರೆ ಚೀಲ ಬಿಚ್ಚಿದಳು. ಟವೆಲ್ಲು, ವರದಿಗಳ ಕಟ್ಟು, ಕೆಳಗೆ ಆ ಸಣ್ಣ ಯಂತ್ರ. ಆನ್ ಮಾಡಿದೆ. ಬ್ಯಾಟರಿ ತುಂಬಿತ್ತು. ಕುಳ್ಳ ನಾನು ನಿಲ್ಲಿಸಿದ ಅಂಚಿನಲ್ಲೇ ನಿಂತಿದ್ದ, ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

"ಇದನ್ನ ಮುಟ್ಟಲೇ ಇಲ್ಲೇನು?" ಎಂದು ಕೇಳಿದೆ.

"ರಾಯಚೂರಿಗೆ ಹೊಂಟಾಗೊಮ್ಮೆ ಚಾರ್ಜ್ ಮಾಡ್ಕೊಂಡು ಒಯ್ತಿದ್ರು ಅಕ್ಕಾರ" ಅಂದಳು. "ಮನಿಯಾಗರ ಆಡ್ರಿ ಅಂದ್ರ ಕೇಳ್ತಿರಲಿಲ್ಲ. ಓಡ್ಸೋದು ಅಕ್ಕಂದು, ಬರ್ತಾಳ ತಡಿ, ಅಂತಿದ್ರು."