ಮಡಕಶಿರದಲ್ಲಿ ಕಂಡ ಮೂರನೆಯ ಗಡ್ಡೆ

ನಾನು ಏಳನೇ ತರಗತಿಗೆ ಓದು ಬಿಟ್ಟಿದ್ದು ಎರಡು ಸಾವಿರದ ಎರಡರಲ್ಲಿ. ಅಂದಿನಿಂದ ರಾಯದುರ್ಗದ ಜೀನ್ಸ್ ಕಾರ್ಖಾನೆಗಳಲ್ಲಿ ದುಡಿದು, ಯಾರ ಶಿಫಾರಸೂ ಇಲ್ಲದೆ ಕಟಿಂಗ್ ಮಾಸ್ಟರ್ ಆದೆ. ಸೀಮೆಸುಣ್ಣದ ಗೆರೆ ಎಳೆಯದೆ ಬಟ್ಟೆಗೆ ಕತ್ತರಿ ಇಟ್ಟವನಲ್ಲ. ಹೆಂಡತಿ ಗೌರಮ್ಮನ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದಾಗ ಬಂಧುಗಳೆಲ್ಲ, "ಗರ್ಭದ ಚೀಲಾನ ತೆಗಿಸಿಬಿಡ್ರಿ, ಪೀಡಾ ಹೋಗ್ತೈತಿ" ಎಂದರು. ಮದುವೆಯಾಗಿ ಹನ್ನೊಂದು ವರ್ಷ, ನಮಗಿನ್ನೂ ಮಕ್ಕಳಿಲ್ಲ. ಗಡ್ಡೆಯನ್ನಷ್ಟೇ ತೆಗೆಯುವ ಡಾಕ್ಟರಮ್ಮ ಮಡಕಶಿರಕ್ಕೆ ಬಂದಿದ್ದಾರೆ, ಅವರಿಗೆ ಕಂಪ್ಯೂಟರು ದಾರಿ ತೋರಿಸುತ್ತದಂತೆ ಎಂದು ಅವಳ ಅಕ್ಕ ಫೋನು ಮಾಡಿದ್ದೇ ತಡ, ಹೊರಟೆವು.

ಬೆಳಿಗ್ಗೆ ಆರಕ್ಕೆ ಬಸ್ಸು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಅವಳಿಗೆ ಸೊನ್ನೆ ಟಿಕೆಟ್ಟು, ನನಗೆ ಪೂರ್ತಿ. ಕಲ್ಯಾಣದುರ್ಗದಲ್ಲಿ ಇಡ್ಲಿ ತಿಂದು ಮಡಕಶಿರದ ಬಸ್ಸು ಹತ್ತಿದೆವು. ಬಿಸಿಲು ಏರಿತು. ನೀರಿನ ಬಾಟಲಿ ಚಾಚಿದರೆ ಅವಳು ಮುಟ್ಟಲಿಲ್ಲ.

"ಕುಡಿದ್ರ ದಾರ್ಯಾಗ ಎಲ್ಲಿ ಇಳೀಲಿ? ನಿಮಗೇನ್ರಿ, ಗ್ವಾಡಿ ಕಂಡ್ರ ಸಾಕು."

ಮಧ್ಯಾಹ್ನ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ಅದಕ್ಕೇ ಸಿಕ್ಕಿಬಿದ್ದೆವು. ಪರದೆಯ ಮೇಲೆ ಬರೀ ಬೂದಿ ಬಣ್ಣ. ಮೂತ್ರದ ಚೀಲ ತುಂಬಿದ್ದರೇ ಅದರ ಹಿಂದಿನ ಗರ್ಭಕೋಶ ಸರಿಯಾಗಿ ಕಾಣುವುದಂತೆ.

"ರಾಯದುರ್ಗದಿಂದ ಒಣಗ್ಸ್ಕಂಡು ಬಂದವ್ಳೆ. ಕುಡಿಸಪ್ಪಾ, ಮಖ ನೋಡ್ತಾ ನಿಂತ್ಯಲ್ಲ" ಎಂದಳು ಆಯಾ. ಎರಡು ಬಾಟಲಿ ನೀರು ಕುಡಿಸಿ ವರಾಂಡದಲ್ಲಿ ಓಡಾಡಿಸಿದೆ. ಗಂಟೆಯ ಮೇಲೆ ಗೌರಮ್ಮ ನನ್ನ ತೋಳು ಹಿಡಿದು, "ಈಗ ಕರೀಲಿಲ್ಲಂದ್ರ ಮರ್ಯಾದಿ ಉಳಿಯಂಗಿಲ್ಲ ನೋಡ್ರಿ" ಎಂದಳು.

ಈ ಸಲ ಚಿತ್ರ ನಿಚ್ಚಳ. ಕಂಪ್ಯೂಟರು ತಾನಾಗಿಯೇ ಗಡ್ಡೆಗಳ ಸುತ್ತ ಹಳದಿ ಗೆರೆ ಎಳೆಯಿತು. ಎರಡು ಗರ್ಭಕೋಶದ ಹೊರಮೈಯಲ್ಲಿದ್ದವು. ಮೂರನೆಯದು ನೆಲ್ಲಿಕಾಯಿಯಷ್ಟು, ಮಗು ಕೂರುವ ಜಾಗದ ಪಕ್ಕದಲ್ಲೇ ಗೋಡೆಯೊಳಗೆ ಹೂತಿತ್ತು. ನಾನು ಪರದೆಯ ಹತ್ತಿರಕ್ಕೆ ಬಾಗಿದೆ.

"ನಾ ಕಟಿಂಗ್ ಮಾಸ್ಟರ್ ಅದೀನ್ರಿ ಮೇಡಂ, ಬಟ್ಟಿ ಮ್ಯಾಲಿನ ನಮ್ಮ ಮಾರ್ಕಿಂಗ್ ಇದ್ದಂಗ ಐತ್ರಿ. ಗೆರಿ ತಪ್ಪಿದ್ರ?"

"ತಪ್ಪುತ್ತೆ. ಇಲ್ನೋಡಿ, ತಪ್ಪಿದೆ" ಎಂದು ಡಾಕ್ಟರಮ್ಮ ಒಂದು ಗೆರೆಯನ್ನು ಕೂದಲೆಳೆಯಷ್ಟು ಒಳಗೆ ಸರಿಸಿದರು. "ಅದು ಎಳೆಯುತ್ತೆ, ನಾನು ತಿದ್ದುತ್ತೀನಿ. ಆಪರೇಷನ್ ಮಾಡುವಾಗಲೂ ಸ್ಕ್ಯಾನ್ ಇಟ್ಟು ಗೆರೆ ನೋಡ್ಕೊಂಡೇ ಕುಯ್ಯೋದು. ರಕ್ತ ನಿಲ್ಲದೇ ಹೋದ್ರೆ ಮಾತ್ರ ಗರ್ಭಕೋಶ ತೆಗೀಬೇಕಾಗುತ್ತೆ. ಒಪ್ಪಿಗೆ ಇದ್ರೆ ಸಹಿ ಹಾಕಿ."

ನನ್ನ ಸಹಿ ಬಲು ಅಂದ. ಪೆನ್ನು ತೆಗೆದೆ. ಗೌರಮ್ಮ ಕಿತ್ತುಕೊಂಡಳು.

"ಹೊಟ್ಟಿ ನಂದೈತ್ರಿ, ಸಹೀನೂ ನಂದ."

ಮೂರನೆಯ ದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಕೂರಲಾಗಲಿಲ್ಲ, ಅವಳು ಓಡಾಡಿದ ವರಾಂಡದಲ್ಲೇ ಓಡಾಡಿದೆ. ಎರಡು ಗಂಟೆಯಾದ ಮೇಲೆ ಡಾಕ್ಟರಮ್ಮ ಮಾಸ್ಕು ಇಳಿಸುತ್ತ ಬಂದರು.

"ಮೂರೂ ಬಂದ್ವು. ಒಳಗಿನದು ಕಣ್ಣಿಗೂ ಕಾಣ್ಲಿಲ್ಲ, ಕೈಗೂ ಸಿಗ್ಲಿಲ್ಲ. ಗೆರೆ ಹಿಡ್ಕೊಂಡೇ ಹೋದೆ. ಗರ್ಭಕೋಶ ಉಳೀತು ಮಾಸ್ಟ್ರೇ."

ಓದಿದವರು ನನ್ನನ್ನು ಮಾಸ್ಟ್ರೇ ಎಂದಿದ್ದು ಅದೇ ಮೊದಲು.

ವಾರ ಕಳೆದು ಅದೇ ದಾರಿಯ ಬಸ್ಸಿನಲ್ಲಿ ಮರಳಿದೆವು. ಮಡಕಶಿರದ ಬೆಟ್ಟ ಹಿಂದೆ ಸರಿಯುವ ಮುನ್ನವೇ ಗೌರಮ್ಮ ಬಾಟಲಿ ಕೇಳಿ ಅರ್ಧ ಕುಡಿದಳು.

"ಇಳೀಬೇಕಾದ್ರ ಬಸ್ಸು ನಿಲ್ಲಸವ್ರು ನೀವ."

"ನಿಲ್ಲಸ್ತೀನಿ, ಕುಡಿ."

ಎರಡು ಸಲ ನಿಲ್ಲಿಸಿದೆ.

ಈಗ ನನ್ನಲ್ಲಿರುವುದು ಇಷ್ಟು: ಕತ್ತರಿ ಎರಡು, ಹೊಲಿಗೆ ಯಂತ್ರ ಮೂರು, ಡಾಕ್ಟರಮ್ಮ ಕೊಟ್ಟ ಹಳದಿ ಗೆರೆಯ ಚಿತ್ರ ಒಂದು, ಹೆಂಡತಿ ಒಬ್ಬಳು, ಅವಳ ಗರ್ಭಕೋಶ ಇದ್ದಲ್ಲೇ ಇದೆ.